ವೈಫೈಗೆ ಬೇಡದ ಲೈಸೆನ್ಸ್ ಎಫ್‌ಎಂಗೆ ಯಾಕೆ?

ಪ್ರಶ್ನೆ: ವೈಫೈ ರೂಟರ್ ತಂದು ಹಾಕಿಕೊಂಡೆ, ಯಾರ ಅನುಮತಿಯೂ ಬೇಕಾಗಲಿಲ್ಲ. ಮನೆಯಿಂದಲೇ ಚಿಕ್ಕ ಎಫ್‌ಎಂ ಸ್ಟೇಷನ್ ಶುರು ಮಾಡೋಣ ಅಂದರೆ ಮಾತ್ರ ಲೈಸೆನ್ಸ್ ಬೇಕಂತೆ. ಎರಡೂ ರೇಡಿಯೊ ತರಂಗವೇ ಅಲ್ವಾ? ಗಾಳಿಗೂ ಸರ್ಕಾರವೇ ಯಜಮಾನನಾ?

ಉತ್ತರ: ಎರಡೂ ರೇಡಿಯೊ ತರಂಗವೇ, ನಿಜ. ಆದರೆ ತರಂಗ ಎಷ್ಟು ದೂರ ಹೋಗುತ್ತದೆ, ಅದರ ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದು ಮುಖ್ಯ.

ಹೆಚ್ಚಿನ ದೇಶಗಳಲ್ಲಿ ಎಫ್‌ಎಂ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಅಲ್ಲಿಂದಾಚೆಗೆ ವಿಮಾನಗಳದ್ದು. ಮಂಜಿನಲ್ಲಿ ಇಳಿಯುವ ವಿಮಾನವನ್ನು ರನ್‌ವೇಯ ನೇರಕ್ಕೆ ತರುವ ಸಿಗ್ನಲ್ 108ರಿಂದ 112ರ ನಡುವೆ ಇದೆ. 118ರಿಂದ ಮೇಲೆ ಪೈಲಟ್ ಮತ್ತು ಟವರ್‌ನವರ ಮಾತುಕತೆ. ಅಗ್ಗದ ಟ್ರಾನ್ಸ್‌ಮಿಟರ್ ಸಾಮಾನ್ಯವಾಗಿ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ, ಆಚೀಚೆ ಸೋರುತ್ತದೆ. ಕದ್ದು ನಡೆಸುವ ಸ್ಟೇಷನ್‌ನ ಹಾಡು ಪೈಲಟ್‌ಗಳ ಕಿವಿಗೆ ಬಿದ್ದಿರುವುದೂ ಉಂಟು.

ಅದಕ್ಕೇ ನಿಯಂತ್ರಣ ಸಂಸ್ಥೆ ಲೈಸೆನ್ಸ್‌ನಲ್ಲಿ ಫ್ರೀಕ್ವೆನ್ಸಿ, ಪವರ್, ಆಂಟೆನಾದ ಜಾಗ, ಎತ್ತರ ಎಲ್ಲವನ್ನೂ ಬರೆದೇ ಕೊಡುತ್ತದೆ. ಕದ್ದು ನಡೆಸುವವರನ್ನು ಹಿಡಿಯಲು ಸಿಗ್ನಲ್ ಬರುವ ದಿಕ್ಕು ಹೇಳುವ ಆಂಟೆನಾ ಸಾಕು. ವಿಳಾಸವನ್ನು ಅವರೇ ದಿನವಿಡೀ ಪ್ರಸಾರ ಮಾಡುತ್ತಿರುತ್ತಾರಲ್ಲ!

ವೈಫೈಗೂ ನಿಯಮ ಇದೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಅದನ್ನು ಪಾಲಿಸುವ ಹೊಣೆ ರೂಟರ್ ತಯಾರಿಸುವವರದ್ದು. ಯುರೋಪಿನಲ್ಲಿ 2.4 ಗಿಗಾಹರ್ಟ್ಸ್ ವೈಫೈ 100 ಮಿಲಿವ್ಯಾಟ್ ದಾಟುವಂತಿಲ್ಲ. ಮೈಕ್ರೊವೇವ್ ಓವನ್ ಕೆಲಸ ಮಾಡುವುದೂ ಅದೇ ಬ್ಯಾಂಡಿನಲ್ಲಿ, ಅಂದರೆ ಅದೇ ಫ್ರೀಕ್ವೆನ್ಸಿಗಳ ಗುಂಪಿನಲ್ಲಿ. ಅಲ್ಲಿ ಪಕ್ಕದ ಮನೆಯ ರೂಟರ್ ಅಡ್ಡ ಬಂತು ಅಂತ ನೀವು ದೂರು ಕೊಟ್ಟು ಪ್ರಯೋಜನವಿಲ್ಲ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳಲ್ಲಿ ಹವಾಮಾನ ರಾಡಾರ್ ಇರುತ್ತದೆ. ಆ ಚಾನೆಲ್ ಬಳಸುವ ಮೊದಲು ರೂಟರ್ ರಾಡಾರ್ ಸಿಗ್ನಲ್ ಇದೆಯಾ ಅಂತ ಕನಿಷ್ಠ ಒಂದು ನಿಮಿಷ ಸುಮ್ನೆ ಕಿವಿಗೊಟ್ಟು ಕೂರಬೇಕು. ಕೆಟ್ಟಿದೆ ಅಂತ ಮತ್ತೆ ಮತ್ತೆ ಆಫ್ ಮಾಡಬೇಡಿ.

ಇನ್ನು ಯಜಮಾನಿಕೆ. ತರಂಗಕ್ಕೆ ಗಾಳಿಯೇ ಬೇಡ, ಗಡಿಯೂ ಗೊತ್ತಿಲ್ಲ. ಹಾಗಾಗಿ ಯಾವ ಸರ್ಕಾರವೂ ಮನಸ್ಸಿಗೆ ಬಂದಂತೆ ಹಂಚಲಾಗದು. ಟೆಲಿಗ್ರಾಫ್‌ಗಾಗಿ 1865ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಈಗ ಜಿನೀವಾದಲ್ಲಿದೆ. ಯಾವ ಬ್ಯಾಂಡ್ ಯಾವ ಕೆಲಸಕ್ಕೆ ಎನ್ನುವುದನ್ನು ದೇಶಗಳು ಅದರ ಸಮ್ಮೇಳನದಲ್ಲಿ ಮೂರ್ನಾಲ್ಕು ವರ್ಷಕ್ಕೊಮ್ಮೆ ಕೂತು ತಿದ್ದುತ್ತವೆ. ಆ ಚೌಕಟ್ಟಿನೊಳಗೆ ಯಾರಿಗೆ ಎಷ್ಟು ಅನ್ನುವುದನ್ನು ದೇಶದ ಸಂಸ್ಥೆ ತೀರ್ಮಾನಿಸುತ್ತದೆ. ಮೊಬೈಲ್ ಕಂಪನಿಗಳಿಗಾದರೆ ಸಾಮಾನ್ಯವಾಗಿ ಹರಾಜು. 2000ರಲ್ಲಿ ಬ್ರಿಟನ್‌ನ 3ಜಿ ಹರಾಜಿನಲ್ಲಿ ಸುಮಾರು 2,250 ಕೋಟಿ ಪೌಂಡ್ ಬಂತು. ಸುದ್ದಿಯಾಗುವುದು ಈ ದುಡ್ಡೇ. ನಾನಂತೂ ಮೊದಲು ನೋಡುವುದು, ಇಷ್ಟು ವರ್ಷದಲ್ಲಿ ಇಷ್ಟು ಜನರಿಗೆ ಸಿಗ್ನಲ್ ತಲುಪಿಸಬೇಕು ಅನ್ನುವ ಷರತ್ತು ಇದೆಯಾ ಅಂತ.

ರೇಡಿಯೊದಲ್ಲಿ ಏನು ಮಾತಾಡಬಹುದು ಅನ್ನುವುದು ಬೇರೆಯೇ ವಿಚಾರ. ಬ್ರಿಟನ್‌ನಲ್ಲಿ ಆಫ್‌ಕಾಮ್ ಅನ್ನುವ ಒಂದೇ ಸಂಸ್ಥೆ ತರಂಗ, ಮಾತು ಎರಡನ್ನೂ ನೋಡಿಕೊಳ್ಳುತ್ತದೆ. ಫ್ರಾನ್ಸ್‌ನಲ್ಲಿ ಎರಡು ಸಂಸ್ಥೆ: ಪ್ರಸಾರಕ್ಕೆ ಆರ್ಕಾಮ್, ಟೆಲಿಕಾಂಗೆ ಆರ್ಸೆಪ್.

ಜನರ ಜತೆ ಮಾತಾಡುವುದಷ್ಟೇ ಆಸೆಯಾದರೆ ಇಂಟರ್ನೆಟ್ ರೇಡಿಯೊ ಸಾಕು, ಅದಕ್ಕೆ ಫ್ರೀಕ್ವೆನ್ಸಿ ಬೇಡ. ಎಫ್‌ಎಂ ಆಗಲೇಬೇಕು ಅಂದರೆ ಸಮುದಾಯ ರೇಡಿಯೊ ಲೈಸೆನ್ಸ್ ಯಾರಿಗೆ ಕೊಡುತ್ತಾರೆ ಅಂತ ವಿಚಾರಿಸಿ. ಟ್ರಾನ್ಸ್‌ಮಿಟರ್ ಕೊಳ್ಳುವ ಮೊದಲೇ ವಿಚಾರಿಸಿ, ಆಮೇಲಲ್ಲ.