‘ನಾನು ಬರಲ್ಲ, ನೀವು ಹೋಗಿ ಬನ್ನಿ’ ಅನ್ನುವ ಅತ್ತೆ

ಅಕ್ಕಾ, ನಾವು ವಿಜಯಪುರ ಕಡೆಯವರು. ಹದಿನಾರು ವರ್ಷದಿಂದ ಪುಣೆ ಪಕ್ಕದ ಪಿಂಪ್ರಿಯಲ್ಲಿದ್ದೇವೆ. ಮನೆಯಲ್ಲಿ ಆರು ಜನ. ಮಾವನಿಗೆ 76, ಶುಗರ್ ಇದೆ. ಅತ್ತೆಗೆ 71, ಮೊಣಕಾಲು ನೋವು. ಮಗಳಿಗೆ 15, ಮಗನಿಗೆ 4. ಡಿಸೆಂಬರ್ ರಜೆಯಲ್ಲಿ ಕಾರು ಮಾಡಿಕೊಂಡು ಸಮುದ್ರಕ್ಕೆ ಹೋಗೋಣ ಅಂತ ನಾನೇ ಮಾತು ತೆಗೆದೆ. ಯಾಕಾದರೂ ತೆಗೆದೆನೋ ಅನ್ನಿಸಿದೆ. ನಮ್ಮನೆಯವರು ಒಂದೇ ದಿನದಲ್ಲಿ ಗೋವಾ ಮುಟ್ಟೋಣ ಅನ್ನುತ್ತಾರೆ. ಮಗಳಿಗೂ ಗೋವಾನೇ ಬೇಕು. ಮಾವನಿಗೆ ಕೊಂಕಣದ ಸಮುದ್ರ ದಡದ ದೇವಸ್ಥಾನ ಹರಿಹರೇಶ್ವರ. ಅತ್ತೆಯದ್ದು ‘ನಾನು ಬರಲ್ಲ, ನೀವು ಹೋಗಿ ಬನ್ನಿ’ ಅಂತ ಒಂದೇ ಮಾತು. ಬಿಟ್ಟು ಹೋದರೆ ನೆಂಟರೆಲ್ಲ ನನ್ನನ್ನೇ ಆಡಿಕೊಳ್ಳುತ್ತಾರೆ. ಹೋದ ವರ್ಷ ಮಹಾಬಳೇಶ್ವರದಿಂದ ಎಲ್ಲರೂ ಮುಖ ಊದಿಸಿಕೊಂಡು ವಾಪಸ್ ಬಂದೆವು. ತಪ್ಪೆಲ್ಲ ನನ್ನ ತಲೆಗೇ ಬಂತು. ಈ ಸಲ ಯಾರ ಮಾತು ಕೇಳಲಿ?
— ಹೆಸರು ಬೇಡ, ಪಿಂಪ್ರಿ

ತಂಗಿ, ಮೊದಲು ನಿಮ್ಮ ಅತ್ತೆಯ ವಿಷಯಕ್ಕೇ ಬರುತ್ತೇನೆ. ಉಳಿದದ್ದೆಲ್ಲ ಅಲ್ಲೇ ಇದೆ ಅಂತ ನನಗೆ ಅನುಮಾನ.

ನಮ್ಮ ದೊಡ್ಡಮ್ಮ ಒಬ್ಬರಿದ್ದರು. ಊರಿಗೆ ಹೊರಡುವ ದಿನ ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಏನೋ ಉಪವಾಸ ಇರಬೇಕು ಅಂತ ನಾವು ಸುಮ್ಮನಿದ್ದೆವು. ಒಂದು ಸಲ ಸೋಲಾಪುರ ರಸ್ತೆಯಲ್ಲಿ ಊಟಕ್ಕೆ ನಿಂತಾಗ ಬಾತ್‌ರೂಮ್ ಬಾಗಿಲವರೆಗೆ ಹೋದರು. ಸೆರಗು ಮೂಗಿಗೆ ಹಿಡಿದುಕೊಂಡು ಹಾಗೇ ತಿರುಗಿ ಬಂದು ಕಾರಿನಲ್ಲಿ ಕೂತರು. ತುಟಿ ಒಣಗಿ ಬಿರಿದಿತ್ತು. ರಾತ್ರಿ ಕಾಲು ಒತ್ತುವಾಗ ನನಗೊಬ್ಬಳಿಗೇ ಹೇಳಿದರು: ‘ಕೆಳಗೆ ಕೂತರೆ ಏಳಕ್ಕಾಗಲ್ಲ ಕಣೇ, ಗಂಡಸರ ಮುಂದೆ ಹೆಂಗ್ ಹೇಳಲಿ?’ ಅಷ್ಟು ವರ್ಷ ‘ನನಗೆ ತಿರುಗಾಟ ಸೇರಲ್ಲ’ ಅನ್ನುತ್ತಿದ್ದರಲ್ಲ, ಅದರ ಅರ್ಥ ಅವತ್ತು ತಿಳಿಯಿತು.

ನಿಮ್ಮ ಅತ್ತೆಯದೂ ಇದೇ ಅಂತ ನಾನು ಹೇಳುತ್ತಿಲ್ಲ. ಆದರೆ ಕೇಳಿ ನೋಡಿ. ಮಗನ ಮುಂದೆ, ಊಟಕ್ಕೆ ಕೂತಾಗ ಬೇಡ. ಇಬ್ಬರೇ ಮೆಂತ್ಯ ಸೊಪ್ಪು ಸೋಸುತ್ತಾ ಕೂತಾಗ ಕೇಳಿ. ‘ಬರ್ತೀರಾ?’ ಅಂದರೆ ಮತ್ತೆ ‘ಇಲ್ಲ’ ಅಂತಲೇ ಬರುತ್ತದೆ. ‘ದಾರಿಯಲ್ಲಿ ಬಾತ್‌ರೂಮಿನ ಚಿಂತೆನಾ ಅತ್ತೆ?’ ಅಂತ ನೇರವಾಗಿಯೇ ಕೇಳಿಬಿಡಿ. ಆಗಲೂ ಮನೆಯಲ್ಲೇ ನೆಮ್ಮದಿ ಅಂದರೆ ನಂಬಿ. ನಾಲ್ಕು ದಿನ ಮನೆ ಖಾಲಿ ಸಿಗಲಿ ಅನ್ನುವ ಆಸೆ ಅವರಿಗೂ ಇರಬಹುದು, ಅಲ್ವಾ? ರಾತ್ರಿ ಜೊತೆಗಿರಲು ಯಾರನ್ನಾದರೂ ಗೊತ್ತು ಮಾಡಿ ನೀವು ಹೊರಡಿ. ನೆಂಟರು ಹೇಗೂ ಮಾತಾಡುತ್ತಾರೆ.

ಇನ್ನು ನಿಮ್ಮ ಯಜಮಾನರ ಗೋವಾ. ಪುಣೆಯಿಂದ ಸುಮಾರು 450 ಕಿ.ಮೀ. ಗೂಗಲ್ ಒಂಬತ್ತು ಹತ್ತು ಗಂಟೆ ಅನ್ನುತ್ತದೆ, ಆದರೆ ಗೂಗಲ್‌ಗೆ ಮೊಣಕಾಲು ನೋವಿಲ್ಲ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಲೇಬೇಕು. ಅತ್ತೆ ಇಳಿದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಹತ್ತಿ ಕೂರುವುದಕ್ಕೆ ಇಪ್ಪತ್ತು ನಿಮಿಷ ಬೇಕು. ಹೀಗೆ ಆರು ಸಲ, ಮೇಲೊಂದು ಊಟ. ಮಾವ ಊಟದ ಹೊತ್ತು ತಪ್ಪಿಸುವ ಹಾಗಿಲ್ಲ. ಕೊನೆಗೆ ಘಟ್ಟ ಇಳಿಯುವುದು ಕತ್ತಲಲ್ಲಿ. ಈ ಲೆಕ್ಕ ನೀವು ಬಾಯಲ್ಲಿ ಹೇಳಬೇಡಿ. ಒಂದು ಹಾಳೆಯಲ್ಲಿ ಅವರೇ ಬರೆಯಲಿ. ಓಡಿಸುವವರು ತಾವೇ ಬರೆದರೆ ಜಾಸ್ತಿ ವಾದ ಇರುವುದಿಲ್ಲ.

ನನ್ನನ್ನು ಕೇಳಿದರೆ ಈ ಸಲ ಕೊಂಕಣ ಕರಾವಳಿಯ ಊರು ದಿವೇಆಗರ. ತಾಮ್ಹಿಣಿ ಘಾಟ್ ಇಳಿದು ಮಾಣಗಾಂವ್ ಮೇಲೆ ಹೋದರೆ ಸುಮಾರು 160-170 ಕಿ.ಮೀ. ಬೆಳಿಗ್ಗೆ ಆರಕ್ಕೆ ಬಿಟ್ಟರೆ, ಎಷ್ಟು ನಿಂತು ಹೋದರೂ ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತೀರಿ. ಉದ್ದನೆಯ ಮರಳು ತೀರ, ಅಂಚಿನಲ್ಲಿ ಗಾಳಿಮರ. ಮಾವನಿಗೆ ಅಲ್ಲಿನ ಸುವರ್ಣ ಗಣಪತಿ ಇದೆ. 1997ರಲ್ಲಿ ಅಡಿಕೆ ತೋಟ ಅಗೆಯುವಾಗ ಸಿಕ್ಕಿದ್ದು, 2012ರಲ್ಲಿ ಕಳುವಾಯಿತು, 2021ರಲ್ಲಿ ಮತ್ತೆ ಸ್ಥಾಪನೆಯಾಯಿತು. ದಾರಿಯುದ್ದಕ್ಕೂ ಹೇಳಲು ಅವರಿಗೆ ಇಷ್ಟು ಸಾಕು. ಮರುದಿನ ಸಮುದ್ರದ ಪಕ್ಕದ ರಸ್ತೆ ಹಿಡಿದು, ಪೇಶ್ವೆ ಬಾಳಾಜಿ ವಿಶ್ವನಾಥರ ಊರು ಶ್ರೀವರ್ಧನದ ಮೇಲೆ ಹರಿಹರೇಶ್ವರಕ್ಕೆ ಹೋಗಿ ಬನ್ನಿ. ಮೊದಲು ಕಾಲಭೈರವ, ಆಮೇಲೆ ಹರಿಹರೇಶ್ವರ, ಮತ್ತೆ ಕಾಲಭೈರವ ಅನ್ನುವುದು ಅಲ್ಲಿಯ ಪದ್ಧತಿ. ಅತ್ತೆ ಅಷ್ಟು ಮಾಡಿದರೆ ಸಾಕು. ಗುಡ್ಡ ಸುತ್ತಿ ಬರುವ ಪ್ರದಕ್ಷಿಣೆ ದಾರಿಯಲ್ಲಿ ಕಡಿದಾದ ಮೆಟ್ಟಿಲು ಇಳಿದು ಬಂಡೆಗಳ ಮೇಲೆ ನಡೆಯಬೇಕು, ಅದು ಅವರಿಗೆ ಬೇಡವೇ ಬೇಡ. ಚಿಕ್ಕವನನ್ನೂ ಅವರ ಹತ್ತಿರವೇ ಕೂರಿಸಿ. ಉಬ್ಬರದ ಹೊತ್ತಿನಲ್ಲಂತೂ ಅಲ್ಲಿಗೆ ಯಾರೂ ಇಳಿಯಬಾರದು, ಅಲೆ ಬಂಡೆಯವರೆಗೆ ಬಂದು ಎಳೆದುಕೊಳ್ಳುತ್ತದೆ.

ಇಲ್ಲಿಗೆ ಮಗಳ ಕೆಲಸ ಬಂತು. ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಅಂತ ನೋಡುವುದು ಅವಳದು. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ರೋಜೂ ನೋಡಬೇಕು. ನೀರಿಗೆ ಯಾವಾಗ ಇಳಿಯಬೇಕು ಅನ್ನುವುದರಲ್ಲಿ ಅವಳ ಮಾತೇ ಕೊನೆ, ಅಪ್ಪನೂ ಕೇಳಬೇಕು. ಎರಡು ದಿನ ಮುನಿಸು ಇದ್ದೇ ಇರುತ್ತದೆ, ಇರಲಿ ಬಿಡಿ. ಗೋವಾ ಇಲ್ಲವೇ ಇಲ್ಲ ಅಂತಲೂ ಹೇಳಬೇಡಿ. ಬೇಸಿಗೆಯಲ್ಲಿ ಬೆಳಗಾವಿಯಲ್ಲಿ ಒಂದು ರಾತ್ರಿ ಉಳಿದು, ಮರುದಿನ ಚೋರ್ಲಾ ಘಾಟ್ ಇಳಿದರೆ ಅಜ್ಜ ಅಜ್ಜಿಗೂ ಆಗುತ್ತದೆ.

ರೂಮು ನೋಡುವ ಕೆಲಸ ಯಜಮಾನರಿಗೆ ಬಿಡಿ. ಡಿಸೆಂಬರ್ ಕೊನೆಯ ವಾರ ಅರ್ಧ ಪುಣೆ, ಅರ್ಧ ಮುಂಬೈ ಕೊಂಕಣದಲ್ಲೇ ಇರುತ್ತದೆ, ಈಗಲೇ ಫೋನ್ ಮಾಡಬೇಕು. ಸಮುದ್ರ ಕಾಣುತ್ತಾ ಅಂತ ಆಮೇಲೆ ಕೇಳಲಿ. ನೆಲಮಹಡಿಯಾ, ಕಮೋಡ್ ಇದೆಯಾ, ಕಾರಿನಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು ಅನ್ನುವುದು ಮೊದಲು. ಬಾತ್‌ರೂಮಿನ ವಿಡಿಯೋ ವಾಟ್ಸಾಪ್ ಮಾಡಿ ಅಂದರೆ ಕಳಿಸುತ್ತಾರೆ, ನಾಚಿಕೆ ಬೇಡ. ಮನೆ ಊಟ ಹಾಕುವವರು ಅಲ್ಲಿ ಇದ್ದಾರೆ. ಉಕಡಿಚೆ ಮೋದಕ (ಹಬೆಯಲ್ಲಿ ಬೇಯಿಸಿದ ಮೋದಕ) ಬೇಕಿದ್ದರೆ ಮೊದಲೇ ಹೇಳಿಡಿ.

ಕಾರಿನಲ್ಲಿ ಮಧ್ಯದ ಸಾಲು ಅತ್ತೆ ಮಾವನದು. ಹಿಂದಿನ ಸಾಲು ಎತ್ತಿ ಹಾಕುತ್ತದೆ, ಅಲ್ಲಿ ನೀವು ಮತ್ತು ಮಗಳು ಸರದಿ ಹಾಕಿಕೊಳ್ಳಿ. ಘಾಟ್‌ನಲ್ಲಿ ಮಗನ ಕೈಗೆ ಮೊಬೈಲ್ ಕೊಡಬೇಡಿ, ವಾಂತಿ ಖಂಡಿತ. ಮಾತ್ರೆ ಬೇಕಾ ಅಂತ ಮಕ್ಕಳ ಡಾಕ್ಟರನ್ನು ಹೊರಡುವ ಮೊದಲೇ ಕೇಳಿಡಿ. ಮಾವನ ಮಾತ್ರೆ, ಶುಗರ್ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಸ್ವಲ್ಪ ಸಕ್ಕರೆ ಅವರ ಜೇಬಿನಲ್ಲೇ ಇರಲಿ, ಡಿಕ್ಕಿಯ ತಳದಲ್ಲಲ್ಲ.

ಬುತ್ತಿ ಏನು ಅಂತ ಮಾತ್ರ ನೀವು ತೀರ್ಮಾನಿಸಬೇಡಿ. ಅತ್ತೆ ಬರುತ್ತೇನೆ ಅಂದ ಮೇಲೆ ಅದು ಅವರಿಗೇ ಇರಲಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಅಂತ ಎರಡು ದಿನ ಮೊದಲೇ ಶುರುವಾಗುತ್ತದೆ ನೋಡಿ. ಜಾಸ್ತಿ ಆಯ್ತು ಅನ್ನಬೇಡಿ.

ಹಾಂ, ಒಂದು ಮಡಚುವ ಕುರ್ಚಿ ತಗೊಳ್ಳಿ, ಕೈ ಇರುವಂಥದ್ದು. ಮೊಣಕಾಲು ನೋವಿರುವವರು ಮರಳಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕು. ಡಿಕ್ಕಿಯಲ್ಲಿ ಮೊದಲು ಆ ಕುರ್ಚಿ ಇಡಿ. ಬ್ಯಾಗುಗಳು ಉಳಿದ ಜಾಗದಲ್ಲಿ.