ಮಜ್ಜೆ ಪರೀಕ್ಷೆಯ ಬಾಗಿಲಿನಿಂದ ವಾಪಸಾದವರು

(ಹೆಸರು, ಊರು, ಮನೆಯವರ ವಿವರಗಳನ್ನು ಗುರುತು ಸಿಗದಂತೆ ಬದಲಿಸಲಾಗಿದೆ.)

ಅವರನ್ನು ಸೋಮಣ್ಣ ಎನ್ನೋಣ. ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು, ವಯಸ್ಸು ಐವತ್ತು ದಾಟಿದೆ. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಲಕ್ಷ ದಾಟಿತ್ತು. ಆರೋಗ್ಯವಂತರಲ್ಲಿ ಅದು 4,000ದಿಂದ 11,000ದ ಆಸುಪಾಸಿನಲ್ಲಿರುತ್ತದೆ. ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮವೂ (ಸ್ಪ್ಲೀನ್) ಊದಿಕೊಂಡಿತ್ತು. ಚಿಕ್ಕಮಗಳೂರಿನ ವೈದ್ಯರು ಬೆಂಗಳೂರಿಗೆ ಕಳಿಸಿದರು, ಅಲ್ಲಿ ಅಸ್ಥಿಮಜ್ಜೆ, ಅಂದರೆ ಎಲುಬಿನೊಳಗೆ ರಕ್ತಕಣಗಳು ಹುಟ್ಟುವ ಮೆದು ಭಾಗದ, ಪರೀಕ್ಷೆಗೆ ದಿನ ಗೊತ್ತಾಯಿತು. ಸರದಿಗಾಗಿ ಬೆಂಚಿನ ಮೇಲೆ ಕುಳಿತಿದ್ದ ಸೋಮಣ್ಣ, ಮಗ ಹಣ ಕಟ್ಟಲು ಹೋಗಿದ್ದ ಹೊತ್ತು ನೋಡಿ ಎದ್ದು, ಮೆಜೆಸ್ಟಿಕ್‌ಗೆ ಬಂದು, ಬಸ್ ಹತ್ತಿ ಮನೆ ಸೇರಿಬಿಟ್ಟರು.

ಮುಂದಿನ ವಾರ ಮಗ ಅವರನ್ನು ಕರೆತಂದು, ರೋಗಿಗಳಿಗೂ ಮನೆಯವರಿಗೂ ತಿಳಿಹೇಳುವ ಕೆಲಸದ ನನ್ನೆದುರು ಕೂರಿಸಿ, "ಸ್ವಲ್ಪ ಧೈರ್ಯ ಹೇಳಿ ಮೇಡಂ" ಎಂದರು. ಧೈರ್ಯ ಹೇಳುವ ಕೆಲಸ ಅದಾಗಲೇ ಮನೆಯಲ್ಲಿ ಬೇಕಾದಷ್ಟು ನಡೆದಿತ್ತು. ಮಗ "ಒಂದು ಇಂಜೆಕ್ಷನ್ ಅಷ್ಟೇ, ನೋವೇ ಆಗುವುದಿಲ್ಲ" ಎಂದಿದ್ದರು. ಪಕ್ಕದ ತೋಟದವರು "ಬೆನ್ನಿನಿಂದ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ" ಎಂದಿದ್ದರು. ಬೆಂಚಿನ ಮೇಲೆ ಕುಳಿತಿದ್ದಾಗ ಒಳಗಿನಿಂದ ಯಾರೋ ನರಳಿದ್ದು ಕೇಳಿಸಿತು. ಆ ಕ್ಷಣಕ್ಕೆ ಮಗನ ಮಾತು ಸುಳ್ಳಾಯಿತು, ಹಾಗಾದರೆ ಪಕ್ಕದವರ ಮಾತೇ ನಿಜವಿರಬೇಕು ಎಂದು ಅವರಿಗೆ ಅನ್ನಿಸಿತು. ಓಡಿಬಂದವರನ್ನು ಹೇಡಿ ಎನ್ನಲು ನನಗೆ ಮನಸ್ಸು ಬರಲಿಲ್ಲ. ತಮಗೆ ಸಿಕ್ಕ ಮಾಹಿತಿಯ ಮೇಲೆ ಅವರು ಸರಿಯಾದ ತೀರ್ಮಾನವನ್ನೇ ತೆಗೆದುಕೊಂಡಿದ್ದರು.

ಮಗನನ್ನು ಹೊರಗೆ ಕಳಿಸಿ, ಸೂಜಿ ಎಲ್ಲಿಗೆ ಹೋಗುತ್ತದೆ ಎಂಬುದರಿಂದ ಆರಂಭಿಸಿದೆ. ಎರಡೂ ಕೈ ಸೊಂಟದ ಮೇಲಿಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಸರಿಸಿದರೆ, ಬೆನ್ನುಮೂಳೆಯ ಎರಡೂ ಪಕ್ಕ ಪೃಷ್ಠದ ಮೇಲ್ಭಾಗದಲ್ಲಿ ಎಲುಬಿನ ಗಂಟು ಸಿಗುತ್ತದೆ. ಅವರ ಕೈಯಿಂದಲೇ ಹುಡುಕಿಸಿದೆ. ಮಜ್ಜೆ ತೆಗೆಯುವುದು ಸಾಮಾನ್ಯವಾಗಿ ಆ ಸೊಂಟದ ಎಲುಬಿನಿಂದ. ಬೆನ್ನುಹುರಿ ಬೆನ್ನುಮೂಳೆಯ ನಡುವಿನ ಕಾಲುವೆಯೊಳಗೆ, ಅದಕ್ಕಿಂತ ಮೇಲೆಯೇ ಮುಗಿದುಹೋಗಿರುತ್ತದೆ. ಈ ಸೂಜಿ ಅದರ ದಾರಿಗೇ ಹೋಗುವುದಿಲ್ಲ. ಸೋಮಣ್ಣ ಬಹಳ ಹೊತ್ತು ಆ ಗಂಟನ್ನು ಒತ್ತಿ ನೋಡಿಕೊಂಡರು. ಆಮೇಲೆ ತಾವಾಗಿಯೇ, "ಬಾಳೆಹೊನ್ನೂರಿಗೆ ತೋಟದ ಮಣ್ಣು ಕಳಿಸಿದ ಹಾಗೆ ಇದು. ಮೇಲೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ, ಕೊರೆದೇ ತೆಗೆಯಬೇಕು" ಎಂದರು. ಕಾಫಿ ಸಂಶೋಧನಾ ಕೇಂದ್ರವಿರುವ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ವಿವರಣೆ ನನ್ನ ಬಳಿ ಇರಲಿಲ್ಲ.

ಆಮೇಲೆ ನೋವಿನ ವಿಷಯ. ಇಲ್ಲಿ ನಾನು ಏನನ್ನೂ ಕಡಿಮೆ ಮಾಡಿ ಹೇಳಲಿಲ್ಲ. ಮಗ್ಗುಲಾಗಿಯೋ ಬೋರಲಾಗಿಯೋ ಮಲಗಿಸುತ್ತಾರೆ; ಗುಲ್ಮ ದೊಡ್ಡದಿರುವವರಿಗೆ ಮಗ್ಗುಲೇ ಹಿತ, ಅದನ್ನು ಕೇಳಿ ಪಡೆಯಬಹುದು. ಔಷಧಿ ಹಚ್ಚಿ ಒರೆಸುವಾಗ ತಣ್ಣಗಾಗುತ್ತದೆ. ಮರಗಟ್ಟಿಸುವ ಇಂಜೆಕ್ಷನ್ ಕೆಲವು ಸೆಕೆಂಡು ಉರಿಯುತ್ತದೆ. ಅದು ಚರ್ಮವನ್ನೂ ಎಲುಬಿನ ಮೇಲ್ಪೊರೆಯನ್ನೂ ಮರಗಟ್ಟಿಸುತ್ತದೆ, ಎಲುಬಿನ ಒಳಗಿನದನ್ನು ಮರಗಟ್ಟಿಸುವುದಿಲ್ಲ. ಹಾಗಾಗಿ ಸಿರಿಂಜಿನಿಂದ ದ್ರವರೂಪದ ಮಜ್ಜೆಯನ್ನು ಎಳೆಯುವಾಗ ಸೊಂಟದಿಂದ ತೊಡೆಗೆ ಇಳಿಯುವ ಒಂದು ವಿಚಿತ್ರ ಸೆಳೆತ ಬಂದೇ ಬರುತ್ತದೆ. ಅದು ಜೋರಾಗಿಯೇ ಇರಬಹುದು, ಆದರೆ ಕೆಲವೇ ಸೆಕೆಂಡುಗಳ ಮಾತು. ಎಳೆಯುವುದು ನಿಂತರೆ ಅದೂ ನಿಲ್ಲುತ್ತದೆ. ನಂತರ ಇನ್ನೊಂದು ಸೂಜಿಯನ್ನು ತಿರುಗಿಸಿ ಒಂದೂವರೆ ಎರಡು ಸೆಂಟಿಮೀಟರ್ ಉದ್ದದ ಸಣ್ಣ ಎಲುಬಿನ ಚೂರು ತೆಗೆಯುತ್ತಾರೆ. ಆಗ ಬಲವಾಗಿ ಒತ್ತಿದ್ದು, ತಿರುಚಿದ್ದು ತಿಳಿಯುತ್ತದೆ. ಇದಿಷ್ಟೂ ಅರ್ಧ ಗಂಟೆಯ ಒಳಗಿನ ಕೆಲಸ.

ಎಲ್ಲವನ್ನೂ ಕೇಳಿದ ಮೇಲೂ ಅವರ ಮುಖ ಸಡಿಲವಾಗಲಿಲ್ಲ. ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು, ನನ್ನನ್ನು ನೋಡದೆ, "ಪ್ಯಾಂಟು ಇಳಿಸಬೇಕಂತೆ. ಅಲ್ಲಿ ಹೆಣ್ಣುಮಕ್ಕಳಿರುತ್ತಾರೆ. ಮಗನೂ ಒಳಗೆ ಬರುತ್ತೇನೆ ಎನ್ನುತ್ತಾನೆ" ಎಂದರು. ಮತ್ತೆ ಕೂರಿಸಿದೆ. ಮಗನ ಮುಂದೆ ಕೂಗಿಕೊಂಡರೆ ಎಂಬ ಭಯ ಅವರಿಗೆ ಸೂಜಿಯ ಭಯಕ್ಕಿಂತ ದೊಡ್ಡದಾಗಿತ್ತು.

ಇದಕ್ಕೆ ಮಾತಿಗಿಂತ ವ್ಯವಸ್ಥೆ ಬೇಕಿತ್ತು. ಪ್ಯಾಂಟಿನ ಬದಲು ಪಂಚೆ ಉಟ್ಟು ಹೋಗಿ, ಅಂಗೈ ಅಗಲದಷ್ಟು ಜಾಗ ಸರಿಸಿದರೆ ಸಾಕು, ಉಳಿದದ್ದಕ್ಕೆ ಬಟ್ಟೆ ಹೊದಿಸಲು ಕೇಳಿ ಎಂದೆ. ಪುರುಷ ಸಿಬ್ಬಂದಿ ಇದ್ದರೆ ಅವರೇ ಬರಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಜೊತೆಗೆ ಯಾರು ಎಂದಾಗ ಅವರು ಭಾವಮೈದುನನ ಹೆಸರು ಹೇಳಿದರು. ಮಗ ಹೊರಗೆ ಇರುವುದೆಂದಾಯಿತು. "ಎಳೆಯುವ ಮೊದಲು ಒಂದು ಮಾತು ಹೇಳಿ ಸಾರ್" ಎಂದು ವೈದ್ಯರನ್ನು ಕೇಳಿಕೊಳ್ಳುವುದು, ಆ ಮಾತು ಕೇಳಿದ ಕೂಡಲೇ ಬಾಯಿಯಿಂದ ನಿಧಾನವಾಗಿ ಉದ್ದಕ್ಕೆ ಉಸಿರು ಬಿಡುವುದು. ಉಸಿರು ಕಟ್ಟಿ ಹಲ್ಲು ಕಚ್ಚಿದರೆ ಮೈ ಬಿಗಿದು ಹಿಂಸೆ ಹೆಚ್ಚುತ್ತದೆ. ಕೂಗು ಬಂದರೆ ಕೂಗಬಹುದು, ಆದರೆ ಅಲುಗಬಾರದು. ನನ್ನ ಕೋಣೆಯ ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿ ಇದನ್ನು ಅಭ್ಯಾಸ ಮಾಡಿಸಿದೆ. ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್, ಮದ್ದಿನ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು, ತಾವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ಮಂಪರು ಮದ್ದು ಕೊಡುತ್ತಾರೆಯೇ, ಊಟ ಮಾಡಿ ಬರಬಹುದೇ ಎಂಬುದನ್ನು ಹಿಂದಿನ ದಿನ ಫೋನಿನಲ್ಲಿ ವಿಚಾರಿಸಲು ಮಗನಿಗೆ ಒಪ್ಪಿಸಿದೆ. ಆ ಹುಡುಗನಿಗೂ ಒಂದು ಕೆಲಸ ಬೇಕಿತ್ತು.

ಮಗ ನನ್ನಿಂದ ಒಂದು ಮಾತು ಪಡೆಯಲು ಬಯಸಿದ್ದರು: ಕ್ಯಾನ್ಸರ್ ಎಂಬ ಪದ ಅಪ್ಪನ ಎದುರು ಬರಬಾರದು. ನಾನಾಗಿ ಎತ್ತುವುದಿಲ್ಲ, ಅವರೇ ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದೆ. ಸೋಮಣ್ಣ ಕೇಳಿಯೇ ಕೇಳಿದರು. ರಕ್ತದ ಕ್ಯಾನ್ಸರ್ ಇರಬಹುದೆಂಬ ಅನುಮಾನ ವೈದ್ಯರಿಗಿದೆ, ಅದರಲ್ಲಿ ಹಲವು ಬಗೆಗಳಿವೆ, ಯಾವುದೆಂದು ತಿಳಿಯಲು ಈ ಪರೀಕ್ಷೆ ಎಂದೆ. "ಗೊತ್ತಿತ್ತು" ಎಂದರು. ಈ ಮುಚ್ಚುಮರೆಯಲ್ಲಿ ರೋಗಿಗಳು ಮನೆಯವರನ್ನು ಕಾಪಾಡುತ್ತಿರುತ್ತಾರೆ, ಮನೆಯವರು ರೋಗಿಯನ್ನು. ಇಬ್ಬರಿಗೂ ಒಬ್ಬರೇ ಕುಳಿತು ಅಳುವುದಷ್ಟೇ ಉಳಿಯುತ್ತದೆ.

ಪರೀಕ್ಷೆ ಮುಗಿಯಿತು. ಹತ್ತಿ ಒತ್ತಿ ಕಟ್ಟಿದ ಮೇಲೆ ಗಾಯದ ಮೇಲೆಯೇ ಭಾರ ಬೀಳುವಂತೆ ಅಂಗಾತ ಮಲಗಿಸಿದರಂತೆ. ಅದೇ ರಾತ್ರಿ ಬಸ್ಸಿನಲ್ಲಿ ವಾಪಸಾಗಬೇಡಿ ಎಂದು ನಾನು ಹೇಳಿದ್ದರಿಂದ ನೆಂಟರ ಮನೆಯಲ್ಲಿ ಉಳಿದರು. ಕಟ್ಟು 24 ಗಂಟೆ ಒದ್ದೆಯಾಗದಂತೆ ನೋಡಿಕೊಂಡರು. ಸೊಂಟದ ಆ ಭಾಗ ಒಂದು ವಾರದ ತನಕ ನೋಯಬಹುದು, ಸುತ್ತ ನೀಲಿಗಟ್ಟಬಹುದು. ನೋವಿಗೆ ವೈದ್ಯರು ಹೇಳಿದ ಪ್ಯಾರಾಸಿಟಮಾಲ್ ಸಾಕು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಡುವ ಐಬುಪ್ರೊಫೇನ್, ಆಸ್ಪಿರಿನ್ ಮಾತ್ರೆಗಳನ್ನು ಕೇಳದೆ ನುಂಗಬಾರದು, ರಕ್ತ ಒಸರುವುದು ಹೆಚ್ಚಬಹುದು. ಕಟ್ಟು ತೋಯುವಷ್ಟು ರಕ್ತ ಬಂದರೆ, ಜ್ವರ ಬಂದರೆ, ಗಾಯ ಕೆಂಪಾಗಿ ಊದಿ ಕೀವಾದರೆ, ನೋವು ಇಳಿಯುವ ಬದಲು ಏರುತ್ತಿದ್ದರೆ ಕಾಯಬಾರದು. ಅವರಿಗೆ ಇದ್ಯಾವುದೂ ಆಗಲಿಲ್ಲ. ಆದದ್ದು ಬೇರೆ: ಕಾಳುಮೆಣಸಿನ ಕೊಯ್ಲು ನಡೆದಿತ್ತು, ಮೂರನೆಯ ದಿನವೇ ಏಣಿ ತೆಗೆದುಕೊಂಡು ಸಿಲ್ವರ್ ಓಕ್ ಮರದ ಬುಡಕ್ಕೆ ಹೋಗಿದ್ದರು. ಹೆಂಡತಿ ಫೋನ್ ಮಾಡಿ ನನ್ನ ಕೈಯಲ್ಲಿ ಬೈಸಿದರು.

ಮತ್ತೆ ಬಂದಾಗ ನೋವು ಹೇಗಿತ್ತು ಎಂದು ಕೇಳಿದೆ. "ನೀವು ಹೇಳಿದ್ದಕ್ಕಿಂತ ಜಾಸ್ತಿ ಇತ್ತು. ಆದರೆ ಹೇಳಿದಷ್ಟೇ ಹೊತ್ತು ಇತ್ತು" ಎಂದರು. ಕೂಗಿದರೇ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ನಿಜವಾದ ಕಷ್ಟ ವರದಿ ಕಾಯುವುದರಲ್ಲಿತ್ತು. ದ್ರವ ಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವರದಿ ಕೆಲವೇ ದಿನಗಳಲ್ಲಿ ಸಿಗುತ್ತದೆ. ಎಲುಬಿನ ಚೂರಿನಿಂದ ಸುಣ್ಣದ ಅಂಶ ತೆಗೆದು ಮೆದುಗೊಳಿಸಿ ಕತ್ತರಿಸಬೇಕಾದ್ದರಿಂದ ಅದಕ್ಕೆ ವಾರ ಹಿಡಿಯುತ್ತದೆ, ವರ್ಣತಂತುಗಳ (ಕ್ರೋಮೋಸೋಮ್) ಪರೀಕ್ಷೆಗೆ ಇನ್ನೂ ಹೆಚ್ಚು. ಬಂಧುಗಳಿಗೆ ಇದು ಗೊತ್ತಿರಲಿಲ್ಲ. ದಿನವೂ ಫೋನ್, "ಇನ್ನೂ ಬಂದಿಲ್ಲವೇ? ಏನೋ ಇರಬೇಕು." ತಡವಾಗುವುದು ಕೆಟ್ಟ ಸುದ್ದಿಯ ಲಕ್ಷಣವಲ್ಲ ಎಂದು ತಿಳಿಸಿ, ವಿಚಾರಿಸುವವರಿಗೆಲ್ಲ ಮಗಳೊಬ್ಬಳೇ ಉತ್ತರಿಸುವಂತೆ ಮಾಡಿದೆವು. ಸೋಮಣ್ಣ ಆ ದಿನಗಳಲ್ಲಿ ಬೆಳಗಿನ ಹೊತ್ತು ಕಣದಲ್ಲಿ ಕುಳಿತು ಮೆಣಸು ಹರವುವ ಕೆಲಸ ಹಿಡಿದರು. ಹಗಲು ಕಳೆಯಿತು, ರಾತ್ರಿ ಕಷ್ಟವೇ ಇತ್ತು.

ಬಂದ ವರದಿ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂದಿತು, ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್, ಇನ್ನೂ ಆರಂಭದ ಹಂತ. ಇಮ್ಯಾಟಿನಿಬ್ ಮಾತ್ರೆ ದಿನವೂ ಊಟದ ಜೊತೆ, ದೊಡ್ಡ ಲೋಟ ನೀರು. ವೆಚ್ಚದ ಬಗ್ಗೆ, ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ರೋಗಿಗಳಿಗೆ ನೆರವಾಗುವ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಆಯುಷ್ಮಾನ್ ಕಾರ್ಡಿನೊಡನೆ ಕಾಣಲು ಹೇಳಿದೆ. ಸೋಮಣ್ಣನವರ ಮೊದಲ ಪ್ರಶ್ನೆ ಮಾತ್ರ ಬೇರೆಯದು: ಮೂರು ತಿಂಗಳಿಗೊಮ್ಮೆಯ ತಪಾಸಣೆಗೆ ಮತ್ತೆ ಸೊಂಟಕ್ಕೆ ಸೂಜಿಯೇ? ಈ ಕಾಯಿಲೆಯಲ್ಲಿ ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ಅಳೆಯುವ ಜೀನ್ ಪರೀಕ್ಷೆಯನ್ನು ತೋಳಿನ ರಕ್ತದಲ್ಲೇ ಮಾಡುತ್ತಾರೆ, ಮಜ್ಜೆ ಮತ್ತೆ ಬೇಕಾದರೆ ಅದಕ್ಕೆ ಕಾರಣವನ್ನು ವೈದ್ಯರು ಹೇಳುತ್ತಾರೆ.

ಈಗ ನಮ್ಮ ಮಾತುಕತೆ ಮಾತ್ರೆಯ ಸುತ್ತ. ಹುಷಾರಾಗಿದ್ದೇನೆ ಎಂದು ಅದನ್ನು ನಿಲ್ಲಿಸಿದರೆ ಕಾಯಿಲೆ ಮರಳಬಹುದು, ಸೋಮಣ್ಣ ಈಗಾಗಲೇ ಹುಷಾರಾಗಿದ್ದೇನೆ ಎನ್ನತೊಡಗಿದ್ದಾರೆ.