ಪಟ್ಟಿಯಲ್ಲಿ ಒಂದು ಬಿಟ್ಟುಹೋದರೆ?

ದಕ್ಷಿಣ ಕನ್ನಡ, ಉಡುಪಿ ಕಡೆಯ ಕ್ರೈಸ್ತ ಮನೆಗಳಿಂದ ವೃದ್ಧರ ಆರೈಕೆಯ ಕೆಲಸಕ್ಕೆ ಇಸ್ರೇಲಿಗೆ ಹೋದವರು ಬಹಳ ಮಂದಿ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಅವರ ತಾಯಂದಿರು, ಗಂಡಂದಿರು ಸಲಹೆ ಕೇಳಿಕೊಂಡು ನನ್ನ ಹತ್ತಿರ ಬರುವುದು ಹೆಚ್ಚಾಯಿತು. ಬಂದವರು ಮೊದಲು ಬಾಯಿಬಿಡುವುದು ಕ್ಷಿಪಣಿಯ ಭಯದ ಬಗ್ಗೆ ಅಲ್ಲ. "ನನಗೆ ವಿಶ್ವಾಸ ಸಾಲದು" ಎಂಬ ನಾಚಿಕೆಯ ಬಗ್ಗೆ. ಇಲ್ಲಿ ಬರೆಯುತ್ತಿರುವುದು ಅಂಥ ಒಬ್ಬ ತಾಯಿಯ ವಿಷಯ. ಅವರ ಒಪ್ಪಿಗೆ ಇದೆ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಪ್ರಾರ್ಥನೆ ಕಡಿಮೆ ಮಾಡಿ ಎಂದು ನಾನು ಕೊಟ್ಟ ಸಲಹೆಯ ಬಗ್ಗೆ ಅವರ ಚರ್ಚಿನ ಸಭೆಯಲ್ಲಿ ಗುಸುಗುಸು ಎದ್ದದ್ದರಿಂದ ಅದಕ್ಕೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ.

ಐವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡಿದ್ದಾರೆ, ಮನೆಯಲ್ಲೇ ಹೊಲಿಗೆ. ಮಗಳನ್ನು ಕಳಿಸಲು ಸೊಸೈಟಿಯಲ್ಲಿ ಎತ್ತಿದ ಸಾಲ ಇನ್ನೂ ತೀರಿಲ್ಲ. 2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿಗಳು ಬೀಳತೊಡಗಿ ವಿಮಾನಗಳು ನಿಂತಾಗ ಅವರ ನಿದ್ದೆ ಪೂರ್ತಿ ಹೋಯಿತು. 'ಆಪರೇಷನ್ ಸಿಂಧು'ವಿನಲ್ಲಿ ಭಾರತೀಯರನ್ನು ಕರೆತಂದಾಗ ಮಗಳು ಬರಲಿಲ್ಲ. ತಾನು ನೋಡಿಕೊಳ್ಳುವ ಅಜ್ಜಿಯನ್ನು ಬಿಟ್ಟು ಹೊರಡಲು ಅವಳಿಗೆ ಮನಸ್ಸಾಗಲಿಲ್ಲ. ಆ ತಿಂಗಳ ಕೊನೆಗೆ ಕದನವಿರಾಮ ಆಯಿತು. ಇವರ ನಿದ್ದೆ ಮಾತ್ರ ಹಿಂದಿರುಗಲಿಲ್ಲ.

ಯುದ್ಧ ನಿಂತ ಮೇಲೂ ಏಕೆ ಹೀಗೆ? ಪ್ರಾರ್ಥನಾ ಕೂಟದ ಹೆಂಗಸರು ಬೈಬಲಿನ ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದ 34ನೇ ವಚನ ಕೊಟ್ಟಿದ್ದರು: ನಾಳಿನ ವಿಷಯವಾಗಿ ಚಿಂತೆ ಮಾಡಬೇಡಿರಿ. ಅದನ್ನು ಇವರು ಚಿಕ್ಕಂದಿನಿಂದ ಬಾಯಿಪಾಠ ಬಲ್ಲರು. ಬಲ್ಲದ್ದನ್ನೇ ಮತ್ತೆ ಹೇಳಿಸಿಕೊಂಡಾಗ ತಾನು ಪಾಪ ಮಾಡುತ್ತಿದ್ದೇನೆ ಎಂಬುದಷ್ಟೇ ಹೊಸದಾಗಿ ಸೇರಿಕೊಂಡಿತು.

ಒಂದು ದಿನ ನಾನು ಕೇಳಿದೆ: "ರಾತ್ರಿ ಎಂತ ಪ್ರಾರ್ಥನೆ ಮಾಡ್ತೀರಿ? ಇಲ್ಲಿ ಹಾಗೆಯೇ ಹೇಳಿ ನೋಡುವ."

ಅವರು ಕಣ್ಣು ಮುಚ್ಚಿ ಶುರು ಮಾಡಿದರು. ಸೈರನ್ ಆದಾಗ ಮಗಳು ಎಚ್ಚರ ಇರಲಿ. ಅಜ್ಜಿಯನ್ನು ವೀಲ್‌ಚೇರಿಗೆ ಕೂರಿಸುವಾಗ ಜಾರದಿರಲಿ. ಲಿಫ್ಟಿನಲ್ಲಿರುವಾಗ ಕರೆಂಟ್ ಹೋಗದಿರಲಿ. ಆಶ್ರಯ ಕೋಣೆಯ ಬಾಗಿಲು ತೆರೆದಿರಲಿ. ಅಜ್ಜಿ ಸಾಯದಿರಲಿ, ಸತ್ತರೆ ವೀಸಾಕ್ಕೆ ತೊಂದರೆಯಾಗದಿರಲಿ. ರಜೆಯ ದಿನ ಬಸ್ಸಿನಲ್ಲಿ ಹೋಗುವಾಗ, ಮಾರ್ಕೆಟಿನಲ್ಲಿರುವಾಗ, ಜ್ವರ ಬಂದರೆ, ಬೇರೆಯವರು ಮೋಸ ಮಾಡಿದರೆ... ಮುಗಿಯುವ ಲಕ್ಷಣವೇ ಇರಲಿಲ್ಲ. ಮಧ್ಯೆ ಒಮ್ಮೆ ತಡವರಿಸಿ, "ಅಲ್ಲ, ಬಸ್ಸು ಮೊದಲು" ಎಂದು ಹಿಂದಕ್ಕೆ ಹೋಗಿ ಸರಿಮಾಡಿಕೊಂಡರು.

"ಒಂದು ಬಿಟ್ಟುಹೋದರೆ?"

"ಬಿಟ್ಟದ್ದೇ ಆಗಿಬಿಟ್ಟರೆ ಎಂತ ಮಾಡುವುದು ಮೇಡಂ?"

ಯುದ್ಧದ ದಿನಗಳಲ್ಲಿ ಒಮ್ಮೆ ಪ್ರಾರ್ಥನೆಯ ನಡುವೆ ನಿದ್ದೆ ಹತ್ತಿತಂತೆ. ಅದೇ ರಾತ್ರಿ ಮಗಳ ಊರಿನಲ್ಲಿ ಸೈರನ್. ಅಂದಿನಿಂದ ಮೂರು ಗಂಟೆಗೆ, ಅಂದರೆ ಅಲ್ಲಿ ಹನ್ನೆರಡೂವರೆಗೆ, ಏಳುವುದು. ನಡುವೆ ಎಲ್ಲಿ ತಪ್ಪಿದರೂ ಮೊದಲಿನಿಂದ.

ನಾನು ಬೈಬಲ್ ಕೊಟ್ಟು ಅದೇ ಆರನೇ ಅಧ್ಯಾಯ ತೆಗೆಯಲು ಹೇಳಿದೆ, 34 ಅಲ್ಲ, 7 ಮತ್ತು 8. ಬಹಳ ಮಾತುಗಳನ್ನಾಡುವುದರಿಂದ ದೇವರು ಕೇಳುತ್ತಾನೆಂದು ನೆನಸಬೇಡಿರಿ, ನೀವು ಬೇಡುವ ಮೊದಲೇ ನಿಮಗೆ ಬೇಕಾದದ್ದು ತಂದೆಗೆ ತಿಳಿದಿದೆ ಎಂಬ ಅರ್ಥದ ಮಾತು. ಅವರು ತಾವೇ ಓದಿದರು.

"ಅಂದರೆ ಅವಳು ಎಷ್ಟನೇ ಮಾಳಿಗೆಯಲ್ಲಿರುವುದು ಅಂತ ನಾನು ಹೇಳದಿದ್ದರೂ ದೇವರಿಗೆ ಗೊತ್ತುಂಟು."

"ಗೊತ್ತುಂಟು ಅಂತ ನಂಬ್ತೀರಾ?"

"ನಂಬ್ತೇನೆ." ಸ್ವಲ್ಪ ಹೊತ್ತು ಬಿಟ್ಟು, "ಆದರೆ ಹೇಳದೆ ಇರ್ಲಿಕ್ಕೆ ಧೈರ್ಯ ಇಲ್ಲ."

ನನ್ನ ಮಟ್ಟಿಗೆ ಇಡೀ ಪ್ರಕರಣ ಈ ಮಾತಿನಲ್ಲಿದೆ. ಆಕೆಯಲ್ಲಿ ನಂಬಿಕೆಗೆ ಕೊರತೆ ಇರಲಿಲ್ಲ. ಪ್ರಾರ್ಥನೆ ಎಂಬುದು ವಿಮಾ ಪಾಲಿಸಿಯಾಗಿಬಿಟ್ಟಿತ್ತು: ಕಾಗದದಲ್ಲಿ ನಮೂದಿಸದ ಅಪಘಾತಕ್ಕೆ ರಕ್ಷಣೆ ಇಲ್ಲ. ದಿನವೂ ನಡುರಾತ್ರಿ ಒಂದೊಂದು ಕೇಡನ್ನೂ ಹೆಸರು ಹಿಡಿದು ಕಣ್ಣಮುಂದೆ ತಂದುಕೊಂಡರೆ ಎದೆ ಹೊಡೆದುಕೊಳ್ಳದೆ ಇರುತ್ತದೆಯೇ? ಮೊಣಕಾಲೂರಿ ಮಾಡಿದರೂ ಅದು ಚಿಂತೆಯೇ.

ಸಲಹೆ ಹೀಗಿತ್ತು. ರಾತ್ರಿ ಕರ್ತನ ಪ್ರಾರ್ಥನೆ ಒಂದು ಸಲ, ಕೊನೆಗೆ ಮಗಳ ಹೆಸರು ಒಂದು ಸಲ. ಅಷ್ಟೇ. ಆ ಪ್ರಾರ್ಥನೆಯಲ್ಲಿ ಯೇಸು ಬೇಡಲು ಕಲಿಸಿದ್ದೂ ಈ ಹೊತ್ತಿನ ಆಹಾರವನ್ನು, ಮುಂದಿನ ವರ್ಷದ್ದನ್ನಲ್ಲ. ಮೂರು ಗಂಟೆಗೆ ಎಚ್ಚರವಾದರೆ ಪಟ್ಟಿ ಬೇಡ, ಫೋನ್ ಬೇಡ. ನೀರು ಕುಡಿದು, ಉಸಿರು ನಿಧಾನಕ್ಕೆ ಬಿಡುತ್ತಾ ಕೂರುವುದು. ಪಟ್ಟಿಗೆ ಸಂಜೆ ಚಹಾ ಆದ ಮೇಲೆ ಅರ್ಧ ಗಂಟೆ, ಒಂದೇ ಜಾಗದಲ್ಲಿ, ನೋಟ್‌ಬುಕ್ಕಿನಲ್ಲಿ. ಪ್ರತಿ ಸಾಲಿನ ಎದುರು ಇವತ್ತು ನನ್ನ ಕೈಯಲ್ಲಿ ಏನಾದರೂ ಉಂಟೇ ಎಂದು ಬರೆಯಬೇಕು. ಪಾಸ್‌ಪೋರ್ಟಿನ ನಕಲು ಇಟ್ಟುಕೊಳ್ಳುವುದು, ರಾಯಭಾರ ಕಚೇರಿಯ ಸಹಾಯವಾಣಿ ಮಗಳ ಫೋನಿನಲ್ಲಿದೆಯೇ ಎಂದು ಕೇಳುವುದು, ಸೊಸೈಟಿಯಲ್ಲಿ ಕಂತಿನ ವಿಚಾರ ಮಾತಾಡುವುದು, ಇವು ಕೈಯಲ್ಲಿದ್ದವು. ಉಳಿದವು ಇರಲಿಲ್ಲ. ಚಿಂತೆಗೆ ಹೊತ್ತು ಗೊತ್ತುಮಾಡುವ ಈ ಕ್ರಮ ನನ್ನದಲ್ಲ, ಮನೋವೈದ್ಯಶಾಸ್ತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೂ ಕಳಿಸಿದೆ. ತಪ್ಪಿದರೆ ಮೊದಲಿನಿಂದ ಎನ್ನುವುದು ಗೀಳಿನ ರೋಗದ ಬಾಗಿಲಲ್ಲಿ ನಿಂತ ಲಕ್ಷಣ. ಎದೆಬಡಿತಕ್ಕೆ ಥೈರಾಯ್ಡ್ ಕಾರಣವಲ್ಲವೆಂದೂ ನೋಡಬೇಕಿತ್ತು. "ಗುಳಿಗೆ ತಿಂದರೆ ವಿಶ್ವಾಸ ಬಿಟ್ಟ ಹಾಗಲ್ವಾ?" ಎಂದರು. ಬೈಬಲಿನಲ್ಲಿ, ಹೊಟ್ಟೆ ಸರಿಯಿಲ್ಲದ ತನ್ನ ಶಿಷ್ಯ ತಿಮೊಥೆಯನಿಗೆ ಅಪೊಸ್ತಲ ಪೌಲನು ಉಪವಾಸ ಹೇಳಲಿಲ್ಲ, ಸ್ವಲ್ಪ ದ್ರಾಕ್ಷಾರಸ ತಗೋ ಎಂದ. ಅದನ್ನು ಓದಿ ತೋರಿಸಿದೆ.

ಈಗ ಆಕ್ಷೇಪ. ಕೂಟದ ಹಿರಿಯರೊಬ್ಬರು ಫೋನ್ ಮಾಡಿ, "ಪ್ರಾರ್ಥನೆ ಕಡಿಮೆ ಮಾಡಿ ಅಂತ ಹೇಳಿದಿರಂತೆ" ಎಂದರು. ಹೌದು, ಹೇಳಿದೆ. ಅವರು ಲೂಕನ ಸುವಾರ್ತೆಯ 18ನೇ ಅಧ್ಯಾಯದ ವಿಧವೆಯನ್ನು ನೆನಪಿಸಿದರು, ಬಿಡದೆ ಕೇಳಿ ಪಡೆದವಳು. ಆ ವಿಧವೆ ಕೇಳಿದ್ದು ಒಂದೇ ಸಂಗತಿ, ತನ್ನ ನ್ಯಾಯ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಕೂಡ ಅದೇ ಮಾತನ್ನು ಮೂರು ಸಲ ಪ್ರಾರ್ಥಿಸಿದನಲ್ಲ ಎಂದು ಅವರು ಕೇಳಬಹುದಿತ್ತು, ಅದು ಇನ್ನೂ ಗಟ್ಟಿ ವಾದ. ಆದರೆ ಅಲ್ಲಿ ಭಯವನ್ನು ಹೇಳಿಕೊಂಡದ್ದೂ ಉಂಟು, ನಿನ್ನ ಚಿತ್ತದಂತೆ ಆಗಲಿ ಎಂದು ಒಪ್ಪಿಸಿದ್ದೂ ಉಂಟು, ಆಮೇಲೆ "ಏಳಿರಿ, ಹೋಗೋಣ" ಎಂದು ಎದ್ದದ್ದೂ ಉಂಟು. ನಾನು ನೋಡುವುದು ಇದನ್ನೇ: ಪ್ರಾರ್ಥನೆ ಮುಗಿಸಿ ಮನುಷ್ಯ ಏಳಲು ಆಗುತ್ತದೆಯೇ? ಈ ತಾಯಿಗೆ ಏಳಲು ಆಗುತ್ತಿರಲಿಲ್ಲ.

"ಮಗಳಿಗೆ ಏನೂ ಆಗುವುದಿಲ್ಲ, ವಿಶ್ವಾಸವಿಡಿ" ಎಂದು ನಾನು ಹೇಳಲಿಲ್ಲ, ಇದೂ ಆ ಹಿರಿಯರಿಗೆ ಬೇಸರ. ಹೇಳಲು ನನಗೆ ಅಧಿಕಾರವಿಲ್ಲ. ಪ್ರಾರ್ಥಿಸಿದ್ದಕ್ಕೆ ನಮ್ಮವರು ಉಳಿದರು ಎಂದು ಸಾಕ್ಷಿ ಹೇಳುವಾಗ, ಪ್ರಾರ್ಥಿಸಿಯೂ ಕಳೆದುಕೊಂಡವರು ಹಿಂದಿನ ಬೆಂಚಿನಲ್ಲಿ ಕೂತಿರಬಹುದೆಂಬ ಎಚ್ಚರ ಇರಬೇಕು. ಎಲ್ಲರೂ ಉದ್ಧರಿಸುವ ಆ 34ನೇ ವಚನವೂ "ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು" ಎಂದೇ ಮುಗಿಯುತ್ತದೆ. ಕಾಟವೇ ಇಲ್ಲ ಎನ್ನುವುದಿಲ್ಲ.

ನಿಮಗೂ ಹೀಗೆ ರಾತ್ರಿಗಳು ಹೋಗುತ್ತಿದ್ದರೆ, ಸಭಾಪಾಲಕರಲ್ಲಿ ಹೇಳಿಕೊಳ್ಳಿ, ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆ ತಾಯಿ ಈಗ ಹೆಚ್ಚಿನ ದಿನ ಬೆಳಗಿನ ಐದರವರೆಗೆ ಮಲಗುತ್ತಾರೆ. ಗುಳಿಗೆ ನಡೆಯುತ್ತಿದೆ. ಸೈರನ್ನಿನ ಸುದ್ದಿ ಬಂದ ದಿನ ಪಟ್ಟಿ ಮತ್ತೆ ಬಾಯಿಗೆ ಬರುತ್ತದೆ, ಅರ್ಧಕ್ಕೆ ನಿಲ್ಲಿಸಲು ಕಲಿತಿದ್ದಾರೆ. ಮೊನ್ನೆ ಬಂದಾಗ ಮಗಳಿಗೆ ವಯಸ್ಸಾಗುತ್ತಾ ಬಂತು, ಸಂಬಂಧ ಹುಡುಕುವುದು ಹೇಗೆ ಎಂದು ಶುರು ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ನಕ್ಕು, "ಆಯ್ತು ಮೇಡಂ, ಸಂಜೆ ಪುಸ್ತಕದಲ್ಲಿ ಬರೀತೇನೆ" ಎಂದರು.